ಬಚ್ಚಲದ ನೀರೊಲೆ: ಹೊಗೆಗೊಂದು ದಾರಿ, ಗಾಳಿಗೊಂದು ದಾರಿ



ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ಭೂಸನೂರ ಸುತ್ತಲಿನ ಮನೆಗಳಲ್ಲಿ ನಸುಕಿನಲ್ಲೇ ಹಂಡೆ ಒಲೆ ಹತ್ತುತ್ತದೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು, ಕಬ್ಬಿನ ರವದಿ, ಕೈಗೆ ಸಿಕ್ಕಿದ್ದನ್ನು ಒಲೆಗೆ ಹಾಕುತ್ತೇವೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳ ಅಡುಗೆಗೆ ಗ್ಯಾಸ್ ಬಂತು. ಆದರೆ ಜಳಕದ ನೀರು ಮಾತ್ರ ಇನ್ನೂ ಬಹಳ ಮನೆಗಳಲ್ಲಿ ಕಟ್ಟಿಗೆಯ ಮೇಲೆಯೇ ಕಾಯುತ್ತದೆ. ಕೆಲವು ಮನೆಗಳಲ್ಲಿ ತಾಮ್ರದ ಬಂಬ ಇದೆ. ಈಗೀಗ ಆಳಂದ, ಕಲಬುರಗಿಯಿಂದ ಗ್ಯಾಸ್ ಗೀಸರ್ ತಂದು ಹಚ್ಚಿಸಿದವರೂ ಇದ್ದಾರೆ.

ಸಂಘದ ಸಭೆಗಳಲ್ಲಿ ನಾವು ಒಂದು ಮಾತು ಆಗಾಗ ಕೇಳುತ್ತೇವೆ: “ಬಾಣಂತಿಗೆ ನೀರು ಹಾಕುವಾಗ ತಲಿ ತಿರುಗಿ ಬಿದ್ಲು, ನಿತ್ರಾಣ ಆಗ್ಯಾದ ನೋಡ್ರಿ.” ನಿತ್ರಾಣವೂ ಇರಬಹುದು. ಆದರೆ ಗಾಳಿ ಬಡಿಯಬಾರದೆಂದು ಬಾಗಿಲು ಹಾಕಿ, ಕಿಟಕಿಗೆ ಗೋಣಿಚೀಲ ತುರುಕಿ, ಒಳಗೇ ಒಲೆ ಉರಿಸಿದ್ದರೆ ಕಾರಣ ಬೇರೆಯೇ ಇರಬಹುದು. ಅದನ್ನು ತಿಳಿಯುವುದು ಜೀವದ ಪ್ರಶ್ನೆ.

ಕಣ್ಣಿಗೆ ಕಾಣದ ವಿಷ

ಕಟ್ಟಿಗೆ ಇರಲಿ, ಇದ್ದಿಲು ಇರಲಿ, ಗ್ಯಾಸ್ ಇರಲಿ, ಚೆನ್ನಾಗಿ ಉರಿಯಲು ಗಾಳಿಯಲ್ಲಿರುವ ಆಮ್ಲಜನಕ ಬೇಕು. ಮುಚ್ಚಿದ ಕೋಣೆಯಲ್ಲಿ ಅದು ಕಡಿಮೆ ಆಗುತ್ತಾ ಹೋದಂತೆ ಉರಿ ಅರೆಬರೆ ಆಗುತ್ತದೆ. ಆಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೆಚ್ಚಾಗಿ ಹುಟ್ಟುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಗ ಉಸಿರಾಡುತ್ತಿದ್ದರೂ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ಸಾಲುವುದಿಲ್ಲ.

ಮೊದಲು ತಲೆನೋವು, ತಲೆ ತಿರುಗುವುದು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು. ಆಮೇಲೆ ಎಚ್ಚರ ತಪ್ಪುತ್ತದೆ. ಏಳಬೇಕು, ಬಾಗಿಲು ತೆಗೆಯಬೇಕು ಎಂದು ತಿಳಿದರೂ ಕೈಕಾಲು ಏಳುವುದಿಲ್ಲ. ಗರ್ಭಿಣಿಯರಿಗೆ, ಹೊಟ್ಟೆಯಲ್ಲಿರುವ ಕೂಸಿಗೆ, ಎಳೆ ಮಕ್ಕಳಿಗೆ, ವಯಸ್ಸಾದವರಿಗೆ ಅಪಾಯ ಇನ್ನೂ ಜಾಸ್ತಿ.

“ಹೊಗಿ ಇಲ್ಲಲ್ಲ, ಬರೀ ಕೆಂಡ ಅದ” ಎಂದು ಧೈರ್ಯ ಮಾಡಬೇಡಿ. ನಿಗಿನಿಗಿ ಕೆಂಡದಿಂದಲೂ ಈ ಅನಿಲ ಬರುತ್ತದೆ. ಬಾಣಂತಿಯ ಮಂಚದ ಕೆಳಗೆ ಕೆಂಡ ಇಟ್ಟು ಬಾಗಿಲು ಹಾಕಿ ಮಲಗುವುದಂತೂ ಬೇಡವೇ ಬೇಡ.

ಚಿಮಣಿ ಹೇಗೆ ಕೆಲಸ ಮಾಡುತ್ತದೆ?

ಭೂಸನೂರ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿ ನೋಡಿದ್ದೀರಲ್ಲ? ಮನೆಯ ಚಿಮಣಿಯ ಮೂಲ ತತ್ವವೂ ಅದೇ. ಬಿಸಿಗಾಳಿ ಹಗುರ, ಮೇಲೇರುತ್ತದೆ. ಅದು ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿ ಒಲೆಗೆ ಎಳೆದುಕೊಂಡು ಬರುತ್ತದೆ. ಅಂದರೆ ದಾರಿ ಒಂದಲ್ಲ, ಎರಡು ಬೇಕು: ಕೆಟ್ಟ ಗಾಳಿ ಹೊರಹೋಗಲು ಒಂದು, ಒಳ್ಳೆಯ ಗಾಳಿ ಒಳಬರಲು ಒಂದು. ಚಿಮಣಿ ಕಟ್ಟಿಸಿ ಕೋಣೆಯ ಎಲ್ಲ ಸಂದಿ ಮುಚ್ಚಿದರೆ ಹೊಗೆ ತಿರುಗಿ ನಮ್ಮ ಮುಖಕ್ಕೇ ಬರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಈ ತತ್ವದ ಮೇಲೆಯೇ ಜಾಳಿ ಮತ್ತು ಚಿಮಣಿ ಇರುವ ಅಸ್ತ್ರ ಒಲೆ ರೂಪಿಸಿದರು. ಕೇಂದ್ರ ಸರಕಾರವೂ 1983ರಿಂದ 2002ರವರೆಗೆ ಸುಧಾರಿತ ಒಲೆಗಳ ಕಾರ್ಯಕ್ರಮ ನಡೆಸಿತು. ಆದರೆ ಚಿಮಣಿ ಸ್ವಚ್ಛ ಮಾಡದೆ, ಒಡೆದದ್ದನ್ನು ರಿಪೇರಿ ಮಾಡಿಸದೆ ಬಿಟ್ಟ ಕಡೆ ಒಲೆ ಇದ್ದೂ ಹೊಗೆ ತಪ್ಪಲಿಲ್ಲ. ಕಟ್ಟಿಸುವುದು ಒಂದು ದಿನದ ಕೆಲಸ, ಕಾಯುವುದು ಯಾವಾಗಲೂ ಇರುವ ಕೆಲಸ.

ಹಂಡೆ ಒಲೆಗೆ ಚಿಮಣಿ ಹಾಕಿಸುವಾಗ

1. ಸಾಧ್ಯವಿದ್ದರೆ ಒಲೆಯ ಬಾಯಿ ಬಚ್ಚಲದ ಹೊರಗೋಡೆಗೆ ಬರಲಿ. ಉರಿ ಹೊರಗೆ, ನೀರು ಒಳಗೆ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

2. ಒಲೆಯ ತಳಕ್ಕೆ ಕಬ್ಬಿಣದ ಜಾಳಿ ಹಾಕಿಸಿ. ಕೆಳಗಿನಿಂದ ಗಾಳಿ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ದಿನಾ ಬೂದಿ ತೆಗೆಯಿರಿ.

3. ಚಿಮಣಿಗೆ ತಗಡಿನ ಇಲ್ಲವೆ ಸುಟ್ಟ ಮಣ್ಣಿನ ಪೈಪು ಬಳಸಿ. ಮನೆಯ ಹಂಡೆ ಒಲೆಗೆ 4 ಇಂಚಿಗಿಂತ ಸಣ್ಣ ಪೈಪು ಬೇಡ. ಪ್ಲಾಸ್ಟಿಕ್ ಪೈಪು ಕರಗುತ್ತದೆ. ಹಳೆಯ ಆಸ್‌ಬೆಸ್ಟಾಸ್ ಪೈಪು ಕತ್ತರಿಸಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು.

4. ಪೈಪು ನೇರ ಮೇಲೆ ಹೋಗಲಿ. ತಿರುವು ಹೆಚ್ಚಾದಷ್ಟೂ ಎಳೆತ ಕಡಿಮೆ. ಅಡ್ಡ ಒಯ್ಯಲೇಬೇಕಾದರೆ ಸ್ವಲ್ಪವೇ ಒಯ್ದು, ಮುಂದಕ್ಕೆ ಏರುತ್ತಾ ಹೋಗುವಂತೆ ಇಡಿಸಿ. ಮಧ್ಯದಲ್ಲಿ ಎಲ್ಲಿಯೂ ಪೈಪು ಸಣ್ಣದಾಗಬಾರದು.

5. ಮೇಲಿನ ಪೈಪಿನ ತುದಿ ಕೆಳಗಿನ ಪೈಪಿನ ಒಳಗೆ ಕೂಡಬೇಕು. ಆಗ ಕರಿ ಜಿಡ್ಡು ಹೊರಗೆ ಸೋರದೆ ಒಳಗೇ ಇಳಿಯುತ್ತದೆ. ಕೂಡಿಸಿದ ಜಾಗಕ್ಕೆ ಮಣ್ಣು ಮೆತ್ತಿಸಿ.

6. ನಮ್ಮ ಕಡೆ ಮಾಳಿಗೆ ಮನೆಗಳಲ್ಲಿ ಕಟ್ಟಿಗೆಯ ತೊಲೆ, ಜಂತಿ ಇರುತ್ತವೆ. ಬಿಸಿ ತಗಡಿನ ಪೈಪು ಇವುಗಳಿಂದ ಕನಿಷ್ಠ ಒಂದೂವರೆ ಅಡಿ ದೂರ ಇರಬೇಕು. ಅಷ್ಟು ಜಾಗ ಇಲ್ಲದಿದ್ದರೆ ಮಾಳಿಗೆ ಕೊರೆಯಬೇಡಿ, ಕಲ್ಲುಗೋಡೆಯಲ್ಲಿ ಹೊರಗೆ ತಂದು ಗೋಡೆಗುಂಟ ಮೇಲೆ ಒಯ್ಯಿಸಿ.

7. ಪೈಪಿನ ತುದಿ ಮಾಳಿಗೆಗಿಂತ 3 ಅಡಿ ಮೇಲೆ ಇರಲಿ. ಮಳೆಗೆ ಟೊಪ್ಪಿಗೆ ಹಾಕಿಸಿ, ಆದರೆ ಪೈಪಿಗೂ ಟೊಪ್ಪಿಗೆಗೂ ನಡುವೆ ಪೈಪಿನ ಅಗಲದಷ್ಟು ಅಂತರ ಬಿಡಿಸಿ.

8. ಬಚ್ಚಲದ ಗೋಡೆಯಲ್ಲಿ ನೆಲದ ಹತ್ತಿರ ಒಂದು ಕಿಂಡಿ, ಮೇಲೆ ಒಂದು ಬೆಳಕಿಂಡಿ ಇರಲಿ. ಜಾಳಿ ಬಡಿಸಿದರೆ ಇಲಿ, ಹಾವು ಬರುವುದಿಲ್ಲ. ಚಳಿಗೆಂದು ಇವುಗಳನ್ನು ಮುಚ್ಚಬೇಡಿ.

ಬಂಬದ ನಡುವೆ ಹೊಗೆಕೊಳವೆ ಇದ್ದೇ ಇರುತ್ತದೆ. ಆದರೆ ಅದು ಬಂಬದ ಮೇಲೇ ಮುಗಿಯುತ್ತದೆ, ಹೊಗೆ ಕೋಣೆಯೊಳಗೇ ಬರುತ್ತದೆ. ಬಂಬವನ್ನು ಅಂಗಳದಲ್ಲೇ ಹೊತ್ತಿಸಿ, ನೀರು ಒಳಗೆ ಒಯ್ಯಿರಿ.

ಗ್ಯಾಸ್ ಗೀಸರ್ ಇದ್ದರೆ

ಬೆಂಗಳೂರು ಮುಂತಾದ ಊರುಗಳಲ್ಲಿ ಬಚ್ಚಲದೊಳಗಿನ ಗ್ಯಾಸ್ ಗೀಸರಿನಿಂದ ಜಳಕಕ್ಕೆ ಹೋದವರು ತಿರುಗಿ ಬಾರದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅಂಥ ಸಾವು ತಪ್ಪಿಸುವುದು ಕಷ್ಟವಲ್ಲ.

ಹೊಗೆಕೊಳವೆ ಇಲ್ಲದ ಸಣ್ಣ ಗೀಸರನ್ನು ಬಚ್ಚಲದ ಒಳಗೆ ಹಚ್ಚಿಸಲೇಬೇಡಿ. ಗಾಳಿ ಆಡುವ ಹೊರಗೋಡೆಗೆ ಹಚ್ಚಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಸಿಲಿಂಡರೂ ಹೊರಗೇ, ನೆಟ್ಟಗೆ ನಿಲ್ಲಿಸಿ ಇಡಿ.

ಹೊಗೆಕೊಳವೆ ಇರುವ ಗೀಸರ್ ಆದರೆ ಕಂಪನಿಯವರು ಹೇಳಿದ ಅಳತೆಯ, ಅವರು ಹೇಳಿದ ಪೈಪನ್ನೇ ಹಾಕಿಸಿ. ಅದರ ಬಾಯಿ ಬಯಲಿಗೆ ತೆರೆಯಬೇಕು, ಪಕ್ಕದ ಕೋಣೆಗಲ್ಲ. ಬಾಗಿಲು, ಕಿಟಕಿಗಳಿಂದ 4 ಅಡಿಯಾದರೂ ದೂರ ಇರಲಿ. ಗಾಳಿ ಒಳಬರುವ ಕಿಂಡಿ ಅದರ ಪಕ್ಕದಲ್ಲೇ ಇದ್ದರೆ ಹೊರಹೋದ ವಿಷ ತಿರುಗಿ ಒಳಗೇ ಬರುತ್ತದೆ. ಎಕ್ಸಾಸ್ಟ್ ಫ್ಯಾನ್ ಇದೆ ಎಂದು ನಂಬಿ ಕೂರಬೇಡಿ. ಒಳಬರುವ ಗಾಳಿಗೆ ದಾರಿ ಇಲ್ಲದಿದ್ದರೆ ಆ ಫ್ಯಾನೇ ಕೊಳವೆಯ ಕೆಟ್ಟ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ.

ಮೊದಲು ಬಕೀಟು ತುಂಬಿಸಿ, ಗೀಸರ್ ಬಂದ್ ಮಾಡಿ, ಆಮೇಲೆ ಜಳಕ ಮಾಡಿ. ಉರಿ ನೀಲಿ ಇರಬೇಕು. ಹಳದಿಯಾದರೆ, ಕರಿ ಹಿಡಿದರೆ, ಬಳಸುವುದು ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಗ್ಯಾಸ್ ಸೋರಿದ ವಾಸನೆ ಬಂದರೆ ಬೆಂಕಿ ಹಚ್ಚದೆ, ಸ್ವಿಚ್ ಮುಟ್ಟದೆ ಹೊರಬಂದು 1906ಕ್ಕೆ ಫೋನ್ ಮಾಡಿ.

ಊದುಬತ್ತಿಯ ಪರೀಕ್ಷೆ

ಹಂಡೆ ಒಲೆ ಹತ್ತಿ ಐದು ನಿಮಿಷ ಆದ ಮೇಲೆ ಒಂದು ಊದುಬತ್ತಿ ಹಚ್ಚಿ ಒಲೆಯ ಬಾಯಿಯ ಹತ್ತಿರ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಎಳೆದರೆ ಚಿಮಣಿ ಸರಿ ಇದೆ. ಹೊರಕ್ಕೆ ತಳ್ಳಿದರೆ ಕರಿ ಕಟ್ಟಿದೆ, ಹಕ್ಕಿ ಗೂಡು ಕಟ್ಟಿದೆ, ಇಲ್ಲವೆ ಒಳಗೆ ಬರುವ ಗಾಳಿ ಸಾಲದು. ತಿಂಗಳಿಗೊಮ್ಮೆ ಒಲೆ ಆರಿದ ಮೇಲೆ ಉದ್ದ ಕೋಲಿಗೆ ಗೋಣಿಯ ತುಂಡು ಕಟ್ಟಿ ಕರಿ ಕೆಡವಿರಿ. ಆದರೆ ಊದುಬತ್ತಿ ವಿಷವನ್ನು ತೋರಿಸುವುದಿಲ್ಲ, ಗಾಳಿಯ ದಾರಿಯನ್ನು ಮಾತ್ರ ತೋರಿಸುತ್ತದೆ. ತಲೆನೋವು ಬಂದರೆ ಪರೀಕ್ಷೆ ಮಾಡುತ್ತಾ ನಿಲ್ಲದೆ ಹೊರಗೆ ಬನ್ನಿ.

ಯಾರಾದರೂ ಬಿದ್ದರೆ

ಬಾಗಿಲು ಪೂರ್ತಿ ತೆಗೆದು ಅವರನ್ನು ಕೂಡಲೇ ಬಯಲು ಗಾಳಿಗೆ ತನ್ನಿ. ಉರಿ ಆರಿಸಿ. 108ಕ್ಕೆ ಫೋನ್ ಮಾಡಿ, ‘ಮುಚ್ಚಿದ ಕೋಣೆಯಲ್ಲಿ ಒಲೆ ಇತ್ತು’ ಅಥವಾ ‘ಗೀಸರ್ ಇತ್ತು’ ಎಂದು ಹೇಳಲೇಬೇಕು. ಇದಕ್ಕೆ ಮದ್ದು ಆಮ್ಲಜನಕ. ಎಚ್ಚರ ಇಲ್ಲದವರ ಬಾಯಿಗೆ ನೀರು, ಚಹಾ ಹಾಕಬೇಡಿ. ಎಚ್ಚರ ಬಂತೆಂದು ಮನೆಯಲ್ಲೇ ಮಲಗಿಸದೆ ದವಾಖಾನೆಗೆ ಒಯ್ಯಿರಿ.

ಸಂಘದಲ್ಲಿ ಏನು ಮಾಡಬಹುದು?

ಚಿಮಣಿ ಎಲ್ಲಿ ಬರಬೇಕು, ಕಿಂಡಿ ಎಲ್ಲಿ ಇರಬೇಕು ಎಂದು ಗೌಂಡಿ ಮನೆಯ ಗಂಡಸರನ್ನು ಕೇಳುತ್ತಾನೆ. ಒಲೆಯ ಮುಂದೆ ಕೂಡುವವರು ನಾವು. ಆದ್ದರಿಂದ ಹೇಳುವವರೂ ನಾವೇ ಆಗಬೇಕು. ಬರುವ ವಾರದ ಸಭೆಯಲ್ಲಿ ಇದನ್ನು ಓದಿ ಹೇಳಿ. ಇಬ್ಬಿಬ್ಬರು ಕೂಡಿ ಒಬ್ಬರ ಬಚ್ಚಲ ಇನ್ನೊಬ್ಬರು ನೋಡಿ ಬನ್ನಿ. ಬಾಣಂತಿ, ಬಸುರಿ ಇರುವ ಮನೆ ಮೊದಲು. ಪೈಪಿಗೆ, ಜಾಳಿಗೆ ದುಡ್ಡು ಸಾಲದಿದ್ದರೆ ಸಂಘದ ಆಂತರಿಕ ಸಾಲದಲ್ಲಿ ಇದಕ್ಕೂ ಜಾಗ ಇರಲಿ. ಕಿಂಡಿಗೆ ತುರುಕಿದ ಗೋಣಿಚೀಲ ತೆಗೆಯಲು ಮಾತ್ರ ಸಾಲ ಬೇಕಿಲ್ಲ. ಅದನ್ನು ಇವತ್ತೇ ತೆಗೆಯಿರಿ.