ಮರೆಯಲೆಂದು ಕುಡಿದವರ ಹಾಡು

ಅರ್ಜೆಂಟೀನಾದ ಬ್ಯೂನಸ್ ಐರಿಸ್ ಮತ್ತು ಉರುಗ್ವೆಯ ಮಾಂಟೆವಿಡಿಯೊ ನಗರಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕುಣಿತವಾಗಿ ರೂಪುಗೊಂಡ ಟ್ಯಾಂಗೋ, ಭಗ್ನಪ್ರೇಮದ ಹಾಡಾಗಿ ನೆಲೆಗೊಂಡದ್ದು 1917ರಿಂದೀಚೆಗೆ. ಸ್ಯಾಮುಯೆಲ್ ಕಾಸ್ತ್ರಿಯೋತಾನ ರಾಗಕ್ಕೆ ಪಾಸ್ಕುವಾಲ್ ಕೊಂತುರ್ಸಿ ಪದಗಳನ್ನು ಹೊಂದಿಸಿದ, ಆ ವರ್ಷ ಕಾರ್ಲೋಸ್ ಗಾರ್ಡೆಲ್ ಧ್ವನಿಮುದ್ರಿಸಿದ 'ಮಿ ನೋಚೆ ತ್ರಿಸ್ತೆ' ಎಂಬ ಹಾಡಿನಲ್ಲಿ, ಪ್ರೇಯಸಿ ತೊರೆದುಹೋದ ಕೋಣೆಯಲ್ಲಿ ಒಂಟಿಯಾದ ಗಂಡಸು, ನುಡಿಸುವವರಿಲ್ಲದೆ ಕಪಾಟಿನಲ್ಲಿ ತೂಗುವ ಗಿಟಾರನ್ನು ನೋಡುತ್ತ, ಅವಳನ್ನು ಮರೆಯಲು ಕುಡಿತಕ್ಕೆ ಮೊರೆಹೋಗುತ್ತಾನೆ.

ಈ ದುಃಖಕ್ಕೆ ಸಾಮಾಜಿಕ ಹಿನ್ನೆಲೆಯೂ ಇತ್ತು. ಇಟಲಿ, ಸ್ಪೇನ್‌ಗಳಿಂದ ದುಡಿಮೆ ಅರಸಿ ಬಂದ ವಲಸಿಗರಲ್ಲಿ ಗಂಡಸರೇ ಹೆಚ್ಚಾಗಿದ್ದು, ಅವರಲ್ಲಿ ಅನೇಕರು 'ಕೊನ್ವೆಂತಿಯೊ' ಎಂಬ ಇಕ್ಕಟ್ಟಾದ ವಠಾರಗಳಲ್ಲಿ ಬದುಕುತ್ತಿದ್ದರು. ಗಂಡಸು ಅಳಬಾರದೆಂಬ ಕಟ್ಟುಪಾಡಿದ್ದ ಆ ಲೋಕದಲ್ಲಿ ನೋವನ್ನು ಬಾಯಿಬಿಟ್ಟು ಹೇಳಲು ಮದ್ಯವೇ ಅನುಮತಿ ನೀಡುತ್ತಿತ್ತು. 1931ರ 'ತೊಮೊ ಇ ಒಬ್ಲಿಗೊ' ಹಾಡಿನ ನಾಯಕ ಜೊತೆಗಾರನನ್ನು ಕುಡಿಯಲು ಒತ್ತಾಯಿಸುವುದು ತನಗಾದ ವಂಚನೆಯನ್ನು ಕೇಳುವ ಕಿವಿಯೊಂದು ಬೇಕೆಂಬ ಕಾರಣಕ್ಕೆ.

ಬೇರೆ ಹಾಡುಗಳಲ್ಲಿ ಈ ವಸ್ತು ಇನ್ನೂ ಆಳವಾಯಿತು. ಎನ್ರಿಕೆ ಸಾಂತೋಸ್ ದಿಸ್ಸೆಪೊಲೊ 1928ರಲ್ಲಿ ರಚಿಸಿದ 'ಎಸ್ತಾ ನೋಚೆ ಮೆ ಎಂಬೊರ್ರಾಚೊ'ದಲ್ಲಿ, ಹಿಂದೆ ತನ್ನನ್ನು ಹಾಳುಗೆಡವಿದ ಚೆಲುವೆ ಈಗ ಬಾಡಿಹೋಗಿರುವುದನ್ನು ಕಂಡವನು ಕುಡಿಯಲು ಹೊರಡುವುದು ಅವಳ ಅಗಲಿಕೆಗಿಂತಲೂ ಕಾಲದ ಕ್ರೌರ್ಯವನ್ನು ನೆನೆಯಲಾರದೆ. ಹುವಾನ್ ಕಾರ್ಲೋಸ್ ಕೊಬಿಯಾನ್‌ನ ರಾಗಕ್ಕೆ ಎನ್ರಿಕೆ ಕಾದಿಕಾಮೊ 1942ರಲ್ಲಿ ಬರೆದ 'ಲೋಸ್ ಮರೆಯಾದೋಸ್'ನಲ್ಲಂತೂ ಅಗಲಲಿರುವ ಇಬ್ಬರೂ ಒಟ್ಟಿಗೆ ಕುಡಿಯುವುದರಿಂದ, ಅಲ್ಲಿ ದೂರುವವರೂ ಇಲ್ಲ, ದೂರಿಗೆ ಗುರಿಯಾದವರೂ ಇಲ್ಲ. ಅರ್ಜೆಂಟೀನಾದಲ್ಲಿ 1943ರ ಸೇನಾಕ್ರಾಂತಿಯ ನಂತರ ಕುಡಿತದ ಉಲ್ಲೇಖಗಳ ಮೇಲೂ ನಗರದ ಆಡುಮಾತಾದ 'ಲುನ್‌ಫಾರ್ದೊ' ಮೇಲೂ ರೇಡಿಯೊದಲ್ಲಿ ನಿರ್ಬಂಧ ಬಿದ್ದಾಗ, ಈ ಹಾಡು ಹೆಸರನ್ನೂ ಪದಗಳನ್ನೂ ಬದಲಿಸಿಕೊಳ್ಳಬೇಕಾಯಿತು.

ಅನಿಬಾಲ್ ತ್ರೊಯ್ಲೊ ರಾಗ ಹಾಕಿ ಕಾತುಲೊ ಕಾಸ್ತಿಯೊ ಬರೆದ 1956ರ 'ಲಾ ಉಲ್ತಿಮಾ ಕುರ್ದಾ'ದಲ್ಲಿ ಪ್ರೇಯಸಿ ಹಿನ್ನೆಲೆಗೆ ಸರಿದು, ತಿದಿಯೊತ್ತಿ ನುಡಿಸುವ ಬಾಂದೊನಿಯೋನ್ ವಾದ್ಯವೇ ಕುಡುಕನ ಸಂಗಾತಿಯಾಗುತ್ತದೆ. ಬದುಕೇ ಅರ್ಥಹೀನ ಗಾಯವೆಂದು ಅವನು ಅದರ ಮುಂದೆ ತೋಡಿಕೊಳ್ಳುತ್ತಾನೆ. ಈ ನಾಲ್ಕು ದಶಕಗಳ ಹಾಡುಗಳನ್ನು ಒಟ್ಟಿಗಿಟ್ಟು ನೋಡಿದರೆ, ಅವುಗಳನ್ನು ಕುಡಿತದ ವೈಭವೀಕರಣವೆಂದು ತಳ್ಳಿಹಾಕುವುದು ಅನ್ಯಾಯವೆಂಬುದು ಸ್ಪಷ್ಟವಾಗುತ್ತದೆ, ಏಕೆಂದರೆ ಇವುಗಳಲ್ಲಿ ಯಾರಿಗೂ ಮದ್ಯ ಮರೆವನ್ನು ತಂದುಕೊಡುವುದಿಲ್ಲ, ಮರೆಯಲಾಗದ್ದನ್ನು ನುಡಿಯುವ ಎದೆಗಾರಿಕೆಯನ್ನಷ್ಟೇ ಕೊಡುತ್ತದೆ.