ತಾಯಿಗೆ ಎರಡು ತಿಂಗಳ ರಜೆ, ಮರಿಗೆ ಕಾವಲು ಯಾರು?

ಜೂನ್ 1 ಬಂತೆಂದರೆ ಮಲ್ಪೆ ಬಂದರಿನಲ್ಲೂ ಮಂಗಳೂರು ದಕ್ಕೆಯಲ್ಲೂ ಬೋಟುಗಳು ಮೈಗೆ ಮೈ ತಾಗಿಸಿ ನಿಂತುಬಿಡುತ್ತವೆ. ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಕಡಲಿಗಿಳಿಯೋ ಹಾಗಿಲ್ಲ. 10 ಅಶ್ವಶಕ್ತಿಯ ಒಳಗಿನ ನಾಡದೋಣಿಗೆ ಮಾತ್ರ ವಿನಾಯಿತಿ. ಮಾರ್ಕೆಟ್ಟಿನಲ್ಲಿ ಮೀನಿನ ರೇಟು ಕೇಳಿ ಗಿರಾಕಿ ಹೌಹಾರೋದೂ ಆಗಲೇ!

ಈ ರಜೆ ಯಾಕೆ? ಮಳೆಗಾಲ ನಮ್ಮ ಬೂತಾಯಿ ಮೊಟ್ಟೆಯಿಡುವ ಕಾಲ. ಆಗ ಬಾಚಿದರೆ ಮುಂದಿನ ಫಸಲಿಗೇ ಕತ್ತರಿ. ಇಷ್ಟರ ಮಟ್ಟಿಗೆ ಕಾನೂನು ಸರಿ.

ಲೆಕ್ಕ ತಪ್ಪೋದು ಆಮೇಲೆ. ತಾಯಿ ಉಳಿಯಿತು, ಮರಿ ಹುಟ್ಟಿತು. ಆ ಮರಿ ಬೆರಳುದ್ದ ಆಗುವ ಹೊತ್ತಿಗೆ ಬೋಟುಗಳು ಮತ್ತೆ ಕಡಲಲ್ಲಿ! ಬೂತಾಯಿ ಮೊಟ್ಟೆಗೆ ಬರೋದು ಸುಮಾರು 15 ಸೆಂಟಿಮೀಟರ್ ಬೆಳೆದ ಮೇಲೆ. ಅದಕ್ಕೆ ಮೊದಲೇ ಸಣ್ಣ ಕಣ್ಣಿನ ಬಲೆಗೆ ಬಿದ್ದ ಮರಿ ಊಟದ ಬಟ್ಟಲಿಗೂ ಬಾರದೆ ಫಿಶ್‌ಮೀಲ್ ಕಾರ್ಖಾನೆಯ ಲಾರಿ ಹತ್ತುತ್ತದೆ.

ನೆರೆಯ ಕೇರಳದ ಕಥೆ ಕೇಳಿ. 2012ರಲ್ಲಿ ಅಲ್ಲಿ ಸಿಕ್ಕ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ? ಬರೇ 3,300 ಟನ್ನಿನಷ್ಟು! ಮರು ವರ್ಷ ಮತ್ತೆ ಲಕ್ಷ ದಾಟಿತು ಅನ್ನಿ. ಈ ಏರಿಳಿತಕ್ಕೆ ಕಡಲು ಬಿಸಿಯಾದದ್ದೂ ಕಾರಣ, ಮರಿ ಹಿಡಿದದ್ದೂ ಕಾರಣ ಅಂತಾರೆ ವಿಜ್ಞಾನಿಗಳು. ಕಡಲಿನ ಬಿಸಿ ಇಳಿಸೋದು ದಕ್ಕೆಯವರ ಕೈಲಿಲ್ಲ. ಮರಿ ಬಿಡೋದು ಕೈಲಿದೆ.

ಅದಕ್ಕೇ ಕೇರಳ 2015ರಲ್ಲಿ 14 ಜಾತಿ ಮೀನಿಗೆ ಕನಿಷ್ಠ ಅಳತೆ ಗೊತ್ತುಮಾಡಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. 2017ರಲ್ಲಿ ಪಟ್ಟಿ 58 ಜಾತಿಗೆ ಬೆಳೆಯಿತು. 10 ಸೆಂಟಿಮೀಟರಿನ ಬೂತಾಯಿ ಇನ್ನೂ ಮೊಟ್ಟೆಯಿಡದ ಮೀನೇ. ಆದರೂ ತೀರಾ ಎಳೆಯದು ಉಳಿಯಲಿ ಅಂತ ಈ ಗೆರೆ.

ಬೋಟಿನವರದ್ದೂ ಕಷ್ಟವೇ. ಡೀಸೆಲ್ ಖರ್ಚು, ಬ್ಯಾಂಕ್ ಸಾಲದ ಕಂತು. "ನಾನು ಬಿಟ್ಟರೆ ಪಕ್ಕದ ಬೋಟಿನವ ಬಿಡ್ತಾನಾ?" ಎಂಬ ಪ್ರಶ್ನೆಯಲ್ಲಿ ಸತ್ಯ ಇಲ್ಲದಿಲ್ಲ. ಹಾಗಾಗಿ ನಿಯಮ ಎಲ್ಲರಿಗೂ ಒಂದೇ ಆಗಬೇಕು. ಬಲೆ ಎತ್ತಿದ ಮೇಲೆ ಅಳೆದು ಏನು ಫಲ? ಸತ್ತ ಮರಿ ಈಜೋದಿಲ್ಲ! ಮೊದಲು ದೊಡ್ಡದಾಗಬೇಕಾದ್ದು ಬಲೆಯ ಕಣ್ಣು. ದಕ್ಕೆಯಲ್ಲಿ ತಪಾಸಣೆ ಅದಕ್ಕೆ ಬೆಂಗಾವಲು.

ಗಿರಾಕಿಗಳಿಗೂ ಒಂದು ಮಾತು. ಬುಟ್ಟಿಯಲ್ಲಿ ಬೆರಳುದ್ದದ ಬೂತಾಯಿ ಕಂಡರೆ ಅಗ್ಗ ಅಂತ ಚೀಲ ಒಡ್ಡಬೇಡಿ. ಈ ವರ್ಷ ಅಗ್ಗಕ್ಕೆ ತಿಂದ ಮರಿಯ ಬಾಕಿ ಬರುವ ವರ್ಷದ ರೇಟಿನಲ್ಲಿ ವಸೂಲಾಗುತ್ತದೆ.