ಕಾಲುವೆ ದಂಡೆ ಸೈಕಲ್ಲಿಗೂ ಇರಲಿ!

ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾದು ಕಾದು ಕಾಲು ನೋಯಿಸಿಕೊಂಡವರಿಗೆ ಒಂದು ಮಾತು. ಕಂಪ್ಲಿಗೆ ಡಾಂಬರು ರಸ್ತೆ ಬಿಟ್ಟು ಇನ್ನೊಂದು ದಾರಿ ಐತಿ. ಟಿಕೆಟ್ ಇಲ್ಲ, ಪೆಟ್ರೋಲ್ ಇಲ್ಲ, ನೂಕುನುಗ್ಗಲಂತೂ ಇಲ್ಲವೇ ಇಲ್ಲ. ಅದು ವಿಜಯನಗರದ ಅರಸರ ಕಾಲದ ಕಾಲುವೆಗಳ ದಂಡೆ. ಒಂದು ಕಡೆ ಹರಿಯುವ ನೀರು, ಇನ್ನೊಂದು ಕಡೆ ಬಾಳೆ, ಭತ್ತ, ಕಬ್ಬು. ನಡುವೆ ಗರಸಿನ ದಾರಿ, ಒಂದು ಸೈಕಲ್ಲಿಗೆ ಬೇಕಾದಷ್ಟು ಅಗಲ.

ಈಗ ಇಂಥ ದಾರಿಗಳಿಗೆಂದೇ ಒಂದು ಸೈಕಲ್ ಬಂದಿದೆ. ಗ್ರಾವೆಲ್ ಬೈಕ್ ಅಂತಾರೆ. ನೋಡಲು ರೇಸ್ ಸೈಕಲ್ಲಿನಂತೆಯೇ, ಹ್ಯಾಂಡಲ್ಲು ಟಗರಿನ ಕೊಂಬಿನಂಗೆ ಬಾಗಿರುತ್ತದೆ. ಆದರೆ ಟಯರು ದಪ್ಪ, ಸುಮಾರು 40 ಮಿಲಿಮೀಟರ್. ಕಲ್ಲು, ಮಣ್ಣು, ಕೆಸರು ಎಲ್ಲದಕ್ಕೂ ಸೈ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಹಳ್ಳಿ ರಸ್ತೆಯ ಮೇಲೆ 200 ಮೈಲಿ ಓಟ ಶುರುವಾಯಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯಿತು. ಒಳ್ಳೆಯದೊಂದು ಬೇಕಾದರೆ ಬೆಲೆ ಲಕ್ಷ ದಾಟುತ್ತದೆ.

ಲಕ್ಷ ಅಂದ ಕೂಡಲೆ ನಮ್ಮ ಹಾಲಿನವರು ನಗುತ್ತಾರೆ. ನಗಬೇಕಾದ್ದೇ. ಎರಡು ಕಡೆ ಎರಡು ಕ್ಯಾನು ತೂಗು ಹಾಕಿಕೊಂಡು ಇದೇ ದಂಡೆಯ ಮೇಲೆ ಅಟ್ಲಾಸ್, ಹರ್ಕ್ಯುಲಿಸ್ ತುಳಿದು ಮಕ್ಕಳನ್ನು ಓದಿಸಿದವರು ಅವರು. ಯಾವ ಚಾಂಪಿಯನ್‌ಷಿಪ್ಪಿನವರೂ ಅವರಿಗೆ ಪದಕ ಕೊಡಲಿಲ್ಲ. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಾಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಕಂಡದ್ದು ಇಂಥ ದಾರಿಗಳಲ್ಲೇ. ಸೈಕಲ್ ಶೋಕಿ ಅಂತ ತಿಳಿದವರು ಇದನ್ನು ನೆನಪಿಡಬೇಕು.

ಕಾಲುವೆಯ ಮಾತಿಗೆ ಬರೋಣ. ತುಂಗಭದ್ರೆಯ ಬಂಡೆಗಳ ನಡುವೆ ದೊಡ್ಡ ದೊಡ್ಡ ಕಲ್ಲುಗಳನ್ನು ಜೋಡಿಸಿ ಒಡ್ಡು ಕಟ್ಟಿದರು ಅಂದಿನವರು. ಗಾರೆ ಕೂಡ ಇಲ್ಲ, ಕೆಲವೆಡೆ ಕಲ್ಲಿಗೆ ಕಲ್ಲು ಹಿಡಿದಿರಲಿ ಅಂತ ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ. ಒಡ್ಡು ನೆಟ್ಟಗಿಲ್ಲ, ಬಂಡೆ ಎಲ್ಲಿದೆಯೋ ಅಲ್ಲಿಗೆ ತಿರುಗುತ್ತದೆ. ನದಿಯೊಡನೆ ಜಗಳ ಆಡದೆ ನೀರು ಪಡೆಯುವ ಉಪಾಯ ಅದು. ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ತುರ್ತಾ, ರಾಮಸಾಗರ, ಕಂಪ್ಲಿ, ಬೆಳಗೋಡುಹಾಳು, ಸಿರುಗುಪ್ಪ – ಬಲದಂಡೆಯಲ್ಲೇ ಇಷ್ಟು ಹೆಸರು. ನದಿಯಾಚೆ ಆನೆಗೊಂದಿ, ಗಂಗಾವತಿ ಕಡೆಯವು ಬೇರೆ. ರಾಯ, ಬಸವಣ್ಣ ಕಾಲುವೆಗಳಿಗೆ ಮಾತ್ರ 1953ರಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿದ ಮೇಲೆ ನೀರು ಡ್ಯಾಮಿನಿಂದಲೇ ಬರುತ್ತದೆ. ಹಂಪಿ ಹಾಳಾಗಿ ನಾಲ್ಕೂವರೆ ಶತಮಾನ ಕಳೆದರೂ ತುರ್ತಾ ಕಾಲುವೆ ಆ ಗುಡ್ಡಗಳ ನಡುವೆ ಬಾಳೆತೋಟಕ್ಕೆ ನೀರುಣಿಸುತ್ತಲೇ ಇದೆ. ಅರಮನೆ ಹೋಯಿತು, ಪೇಟೆ ಹೋಯಿತು, ತೂಬು ಉಳಿಯಿತು ನೋಡ್ರಿ!

ದಾರಿ ಹೀಗೆ. ಹೊಸಪೇಟೆಯಿಂದ ರಾಯ ಕಾಲುವೆ ಹಿಡಿದರೆ ಕಮಲಾಪುರ. ಅಲ್ಲಿ ಕೆರೆ ನೋಡಿ, ಬುಕ್ಕಸಾಗರ, ವೆಂಕಟಾಪುರದ ಹಳ್ಳಿ ದಾರಿಗೆ ಬೀಳಬೇಕು. ಮುಂದೆ ರಾಮಸಾಗರ, ಅದರಾಚೆ ಕಂಪ್ಲಿ. ರಸ್ತೆಯಲ್ಲಾದರೆ ಮೂವತ್ತು ಚಿಲ್ಲರೆ ಕಿಲೋಮೀಟರು, ದಂಡೆ ಸುತ್ತಿ ಬಂದರೆ ಇನ್ನಷ್ಟು. ಅಲ್ಲಲ್ಲಿ ದಂಡೆ ತುಂಡಾಗುತ್ತದೆ, ಸೈಕಲ್ ಹೆಗಲಿಗೇರಿಸಿ ದಾಟಬೇಕು. ಕೊನೆಗೆ ಕಂಪ್ಲಿ ಕೋಟೆ, ನದಿ, ಹರಿಗೋಲು. 1327ರಲ್ಲಿ ದಿಲ್ಲಿಯ ತುಘಲಕನ ದಂಡಿಗೆ ಎದುರು ನಿಂತ ಕಂಪಿಲರಾಯನ ಊರು ಇದು, ಗಂಡುಗಲಿ ಕುಮಾರರಾಮನ ಊರು. ಹಂಪಿಗೆ ಬಂದವರಲ್ಲಿ ನೂರಕ್ಕೆ ಒಬ್ಬರಾದರೂ ಇಲ್ಲಿಗೆ ಬರುತ್ತಾರೋ ಇಲ್ಲವೋ!

ಕಾಡು ಬೇಕೆನ್ನುವವರಿಗೆ ದಾರಿಯ ದಕ್ಷಿಣಕ್ಕೆ ದರೋಜಿ ಕರಡಿಧಾಮವಿದೆ, 1994ರಲ್ಲಿ ಆದದ್ದು. ಕಾಡಿನೊಳಗೆ ಸೈಕಲ್ ಹೊಡೆಯುವ ಆಸೆ ಬೇಡ. ಅಂಚಿನ ದಾರಿಯೇ ಸಾಕು, ಅದೂ ಹೊತ್ತು ಮುಳುಗುವ ಮುಂಚೆ. ಕರಡಿಗೆ ಸಂಜೆಯೇ ಬೆಳಗು. ಚಿರತೆಯ ಕಥೆಯಂತೂ ಈ ತಾಲೂಕಿನವರಿಗೆ ಹೇಳಬೇಕಿಲ್ಲ. 2018ರ ಡಿಸೆಂಬರಿನಲ್ಲಿ ಸೋಮಲಾಪುರದಲ್ಲಿ ಮಗುವೊಂದು ಬಲಿಯಾದದ್ದು ಮರೆತಿಲ್ಲ.

ಇಷ್ಟೆಲ್ಲ ಹೇಳಲು ಕಾರಣ ಬೇರೆ ಇದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ವಿಜಯನಗರ ಕಾಲುವೆಗಳ ಆಧುನೀಕರಣ ಕೈಗೊಂಡರು. ಕಾಂಕ್ರೀಟ್ ಲೈನಿಂಗ್ ಅದರ ಮುಖ್ಯ ಭಾಗ. ರೈತರ ಕಡೆಯಿಂದ ನೋಡಿದರೆ ತಪ್ಪೇನಿಲ್ಲ. ಸೋರಿಕೆ ನಿಲ್ಲಬೇಕು, ಕೊನೆಯ ಹೊಲಕ್ಕೂ ನೀರು ಮುಟ್ಟಬೇಕು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಒಂದೊಂದು ಹನಿಯ ಬೆಲೆ ಏನೆಂದು ಇಲ್ಲಿ ಎಲ್ಲರಿಗೂ ಗೊತ್ತಾಯಿತು. ಪಾರಂಪರ್ಯ ಹಾಳಾಗುತ್ತದೆ ಅಂತ ಹೇಳುವವರ ಮಾತಿನಲ್ಲೂ ಹುರುಳಿದೆ. ಆ ಜಗಳ ಇಲ್ಲಿ ಬೇಡ.

ನಮ್ಮ ತಕರಾರು ಸಣ್ಣದು. ಹಳೆಯ ಕಾಲುವೆಯ ಮಗ್ಗುಲು ಕಲ್ಲು-ಮಣ್ಣಿನದು. ದನ ಇಳಿದರೂ ಹತ್ತುತ್ತಿತ್ತು, ಮಗು ಜಾರಿದರೆ ಕೈಗೆ ಒಂದು ಬೇರೋ ಕಲ್ಲೋ ಸಿಗುತ್ತಿತ್ತು. ನಯವಾದ ಕಾಂಕ್ರೀಟಿನ ಇಳಿಜಾರು ಹಾಗಲ್ಲ. ಪಾಚಿ ಕಟ್ಟಿದರಂತೂ ಗಾಜಿನ ಮೇಲೆ ಎಣ್ಣೆ ಸುರಿದಂತೆ. ಈಜು ಬಲ್ಲವನೂ ಮೇಲೆ ಬರಲಾರ. ಅದರ ಅಂಚಿನಲ್ಲೇ ಶಾಲೆಯ ಹುಡುಗರು, ಬಟ್ಟೆ ಒಗೆಯುವ ಹೆಣ್ಣುಮಕ್ಕಳು, ನೀರುಗಂಟಿ, ಹಾಲಿನವರು, ಈಗ ಈ ಗ್ರಾವೆಲ್ ಸೈಕಲ್ಲಿನವರು. ನೂರಿನ್ನೂರು ಅಡಿಗೊಂದು ಮೆಟ್ಟಿಲು, ಹಿಡಿಯಲು ಒಂದು ಕಬ್ಬಿಣದ ಬಳೆ, ಕಲ್ವರ್ಟಿನ ಮೇಲೆ ಮೊಳದೆತ್ತರದ ಕಟ್ಟೆ – ಇಷ್ಟೇ ಕೇಳುವುದು. ಕೋಟಿಗಟ್ಟಲೆ ಕಾಮಗಾರಿಯಲ್ಲಿ ಇದು ಚಹಾದ ಖರ್ಚು.

2025ರ ಮಾರ್ಚ್ 6ರ ರಾತ್ರಿ ನದಿಯಾಚೆ ಸಣಾಪುರದ ಬಳಿ ಎಡದಂಡೆ ಕಾಲುವೆಯ ಮೇಲೆ ನಡೆದ ಘೋರ ಕೃತ್ಯ ದೇಶವೆಲ್ಲ ಓದಿದೆ. ಕಾಲುವೆಗೆ ತಳ್ಳಲ್ಪಟ್ಟ ಪ್ರವಾಸಿಗರಲ್ಲಿ ಒಬ್ಬರು ಮೇಲೆ ಬರಲೇ ಇಲ್ಲ. ದಂಡೆಗೆ ಬೀಟ್ ಪೊಲೀಸರೂ ಬೇಕು, ಮೆಟ್ಟಿಲೂ ಬೇಕು.

ಇನ್ನೊಂದು ತೊಡಕು, ಕೇಳುವುದು ಯಾರನ್ನು? 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಕಮಲಾಪುರ ಆ ಜಿಲ್ಲೆಗೆ, ಕಂಪ್ಲಿ ಬಳ್ಳಾರಿಗೆ. ನೀರು ಮಾತ್ರ ಗಡಿ ಕೇಳದೆ ಹರಿಯುತ್ತದೆ, ಅರ್ಜಿ ಹರಿಯುವುದಿಲ್ಲ. ನೀರಾವರಿ ಇಲಾಖೆಯವರು ಒಂದು ಕಡೆ, ಹಂಪಿ ಪ್ರಾಧಿಕಾರದವರು ಒಂದು ಕಡೆ, ಅರಣ್ಯದವರು ಮತ್ತೊಂದು ಕಡೆ. ದಂಡೆಯ ಮೇಲೆ ಹೇರು ತುಂಬಿದ ಕಬ್ಬಿನ ಟ್ರ್ಯಾಕ್ಟರು ಓಡಿ ಗುಂಡಿ ಬಿದ್ದರೆ ಅದು ಯಾರ ಗುಂಡಿ ಎಂಬುದೇ ತೀರ್ಮಾನವಾಗುವುದಿಲ್ಲ.

ಅಂಗಡಿಯವರೂ ಸ್ವಲ್ಪ ಕಿವಿಗೊಡಬೇಕು. ಕಾರಿನಲ್ಲಿ ಬಂದವನು ಹಂಪಿ ನೋಡಿ ಹೊಸಪೇಟೆಯಲ್ಲಿ ಉಂಡು ಹೋಗುತ್ತಾನೆ. ಸೈಕಲ್ಲಿನವನಿಗೆ ಹತ್ತು ಕಿಲೋಮೀಟರಿಗೊಮ್ಮೆ ಹಸಿವು. ಬುಕ್ಕಸಾಗರದಲ್ಲಿ ಮಂಡಕ್ಕಿ-ಮಿರ್ಚಿ, ರಾಮಸಾಗರದಲ್ಲಿ ಚಹಾ, ಕಂಪ್ಲಿಯಲ್ಲಿ ಊಟ. ಫ್ರಾನ್ಸಿನಲ್ಲಿ 1666ರಿಂದ 1681ರವರೆಗೆ ತೋಡಿದ ಮಿದಿ ಕಾಲುವೆ ಎಂಬುದೊಂದಿದೆ, 240 ಕಿಲೋಮೀಟರು. ಹಿಂದೆ ದೋಣಿ ಎಳೆಯುವ ಕುದುರೆ ನಡೆಯುತ್ತಿದ್ದ ದಂಡೆಯಲ್ಲಿ ಈಗ ಸೈಕಲ್ಲಿನವರು ಓಡಾಡುತ್ತಾರೆ. ನಮ್ಮ ಕಾಲುವೆಗಳು ಅದಕ್ಕಿಂತ ಹಳೆಯವು ಸ್ವಾಮಿ!

ಸಂಡೂರಿನ ಗುಡ್ಡಗಳನ್ನು ಈ ಪಟ್ಟಿಗೆ ಸೇರಿಸಬಹುದಿತ್ತು. ಕುಮಾರಸ್ವಾಮಿ ಬೆಟ್ಟದ ದಾರಿ, ನಾರಿಹಳ್ಳ, ಮಳೆ ಬಿದ್ದ ಮೇಲಿನ ಹಸಿರು ಎಲ್ಲವೂ ಸೊಗಸು. ಆದರೆ ಅದಿರಿನ ಲಾರಿಯ ಹಿಂದೆ ಸೈಕಲ್ ಹೊಡೆದರೆ ಮನೆಗೆ ಬರುವಾಗ ಬಿಳಿ ಅಂಗಿ ಇಟ್ಟಿಗೆ ಬಣ್ಣ. ಅದರ ಕಥೆ ಇನ್ನೊಂದು ದಿನ.

ಹೊರಡುವವರಿಗೆ ಎರಡು ಮಾತು. ಡ್ಯಾಮಿನಿಂದ ನದಿಗೆ ಭಾರಿ ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ಸೇತುವೆ ಮುಳುಗುತ್ತದೆ. ಆಗ ನದಿ ದಾಟಲು ಬುಕ್ಕಸಾಗರ-ಕಡೆಬಾಗಿಲು ಸೇತುವೆಯೇ ಗತಿ, ಕೇಳಿಕೊಂಡೇ ಹೊರಡಿ. ಇನ್ನೊಂದು, ಜಾಲಿ ಮುಳ್ಳು. ಸೈಕಲ್ ಒಂದು ಲಕ್ಷದ್ದೋ ಐದು ಸಾವಿರದ್ದೋ ಎಂದು ಅದು ನೋಡುವುದಿಲ್ಲ. ಎರಡು ಟ್ಯೂಬು, ಒಂದು ಪಂಪು ಚೀಲದಲ್ಲಿರಲಿ. ಕಮಲಾಪುರ ಬಿಟ್ಟ ಮೇಲೆ ಪಂಕ್ಚರ್ ಅಂಗಡಿ ಹುಡುಕಿಕೊಂಡು ಬಹಳ ದೂರ ತಳ್ಳಬೇಕಾದೀತು.